ಮೂರನೇ ನುಡಿಗೆ ಜಾರುವ ಶ್ರುತಿ

ರಾಮತೀರ್ಥ ನಗರದ ಹೆಣ್ಣುಮಕ್ಕಳ ಗಾಯನ ಮೇಳದಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಹಾಡು ಶುರುವಾದಾಗ ಎಲ್ಲರ ದನಿಯೂ ತಂಬೂರಿಗೆ ಅಂಟಿಕೊಂಡೇ ಇರುತ್ತಿತ್ತು. ಮೂರನೇ ನುಡಿಗೆ ಬರುವಷ್ಟರಲ್ಲಿ ಇಡೀ ಮೇಳ ಒಟ್ಟಿಗೆ ಕೆಳಗೆ ಜಾರಿರುತ್ತಿತ್ತು. ಒಬ್ಬಳು ಜಾರಿದರೆ ಗಂಟಲು ಕಟ್ಟಿದೆ ಅನ್ನಬಹುದು. ಇಷ್ಟು ಮಂದಿ ಮಾತಾಡಿಕೊಂಡವರ ಹಾಗೆ ಪ್ರತಿ ಸಲ ಅದೇ ಜಾಗಕ್ಕೆ ಇಳಿಯುವುದೆಂದರೆ ಏನರ್ಥ?

ಹಾಡು ಕಲಿಸುವ ಕುಮುದಿನಿ ಬಾಯಿ ಸಾಲೆಯಲ್ಲಿ ಸಂಗೀತದ ಟೀಚರಾಗಿದ್ದು ನಿವೃತ್ತರಾದವರು. ಅವರದೊಂದು ಪದ್ಧತಿ. ಮೊದಲ ಸಾಲು ಮುಗಿಯುತ್ತಲೇ ಕರೆಂಟಿನ ತಂಬೂರಿ ಪೆಟ್ಟಿಗೆ ಬಂದ್ ಮಾಡುತ್ತಿದ್ದರು. ಆಸರೆ ಇಲ್ಲದೆ ಕಂಠ ನಿಲ್ಲಬೇಕು ಎಂಬುದು ಅವರ ಹಟ. ಹಾಡು ಮುಗಿದಾಗ ಮತ್ತೆ ಚಾಲೂ ಮಾಡಿದರೆ ತಂಬೂರಿ ಒಂದು ಕಡೆ, ಮೇಳ ಒಂದು ಕಡೆ. ಕುಮುದಿನಿ ಬಾಯಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ಯಾರೋ ಒಬ್ಬಾಕಿ ಎಲ್ಲಾರನ್ನೂ ಕೆಳಗ ಎಳ್ಯಾಕತ್ತಾಳ," ಎಂದರು ಒಂದು ಶನಿವಾರ. "ಯಾರಂತ ಗೊತ್ತಾಗಲಿ, ಆಕಿ ಖಾನಾಪುರದ ಕಾರ್ಯಕ್ರಮದಾಗ ನಿಲ್ಲೂದು ಬ್ಯಾಡ."

ನಡುಸಾಲಿನಲ್ಲಿ ನಿಂತಿದ್ದ ಪೂರ್ಣಿಮಾಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಅವಳ ಸ್ವಭಾವವೇ ಹಾಗೆ. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಅಳತೆ ನೋಡುವುದು ಅವಳ ಕೆಲಸ. ಮಾಲು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಯಾವ ಮಷೀನಿನಲ್ಲಿ ತಪ್ಪಿತು ಎಂದು ಬೆನ್ನು ಹತ್ತುವವಳು. ಸಹೋದ್ಯೋಗಿಗಳು ಅವಳನ್ನು ಕಂಡರೆ ಸ್ವಲ್ಪ ದೂರವೇ.

ಮದುವೆ, ಮಗಳು, ಪಾಳಿ ಕೆಲಸ ಎಂದು ಬಿಟ್ಟೇಬಿಟ್ಟಿದ್ದ ಹಾಡನ್ನು ಅವಳು ಮತ್ತೆ ಹಿಡಿದಿದ್ದಳು. ಖಾನಾಪುರದ ಸಾಲೆಯಲ್ಲಿ ಮಾಸ್ತರನಾಗಿದ್ದ ಗಂಡ ವಿನಯ ಈ ಕಾರ್ಯಕ್ರಮದ ಸುದ್ದಿಯನ್ನು ಆ ಊರಿಗೆಲ್ಲ ಸಾರಿದ್ದ. ಅವಳು ವೇದಿಕೆಯ ಮೇಲೆ ನಿಲ್ಲುವುದು ಅದೇ ಮೊದಲು. ಅದಕ್ಕೆ ಉಡುವ ಸೀರೆಗೆ ಫಾಲ್ ಹಚ್ಚಿಸಿಯೂ ಆಗಿತ್ತು.

ಆ ಮನೆಯವರಿಗೆ ಇನ್ನೊಂದು ಹುಚ್ಚಿತ್ತು. ವಾರವೆಲ್ಲ ಮೂವರೂ ಮೂರು ದಿಕ್ಕು. ರವಿವಾರ ಬೆಳಿಗ್ಗೆ ಮಾತ್ರ ಹಲಸಿಯ ಕಡೆಗೋ ಖಾನಾಪುರದ ಕಾಡಂಚಿಗೋ ಹೋಗಿ, ಕಣ್ಣು ಮುಚ್ಚಿ ಕೂತು, ದನಿಯ ಮೇಲೆಯೇ ಹಕ್ಕಿ ಯಾವುದೆಂದು ಹೇಳುವ ಪಂದ್ಯ. ಇದರಲ್ಲಿ ಮಗಳು ಸಾಕ್ಷಿಯನ್ನು ಸೋಲಿಸಿದವರಿಲ್ಲ. ಆ ರವಿವಾರ ಹಲಸಿಯ ಗುಡಿಯ ಕಟ್ಟೆಯ ಮೇಲೆ ಕೂತಾಗ ಪೂರ್ಣಿಮಾ ತಾಲೀಮಿನಲ್ಲಿ ಮುದ್ರಿಸಿಕೊಂಡಿದ್ದ ಹಾಡನ್ನು ಮೊಬೈಲಿನಲ್ಲಿ ಹಚ್ಚಿದಳು.

"ಇವತ್ತ ಹಕ್ಕಿ ಬ್ಯಾಡ. ಹಾಡು ಕೆಳಗ ಎಳಿಯಾಕಿ ಯಾರಂತ ಹೇಳ್ರಿ."

ಅಪ್ಪ ಮಗಳು ಕಣ್ಣು ಮುಚ್ಚಿದರು. ಮೂರನೇ ನುಡಿ ಬಂತು.

"ಒಬ್ಬಾಕಿ ಮುಂದ ಇಳೀತಾಳ, ಉಳದವ್ರು ಆಕಿ ಬೆನ್ನ ಹಿಂದ ಹೋಗ್ತಾರ," ಎಂದ ವಿನಯ.

"ಯಾರು?"

ವಿನಯ ಕೆಮ್ಮಿ ಮುಖ ಆಚೆ ತಿರುಗಿಸಿದ. ಸಾಕ್ಷಿಗೆ ಅಂಥ ದಾಕ್ಷಿಣ್ಯವೇನೂ ಇರಲಿಲ್ಲ.

"ಅವ್ವಾ, ಅದು ನೀನ!"

ಪೂರ್ಣಿಮಾ ಇನ್ನೊಮ್ಮೆ ಕೇಳಿದಳು. ಖರೇ, ತಾನೇ. ಆದರೆ ತಾನು ಯಾಕೆ ಪ್ರತಿ ಸಲ ಅಲ್ಲಿಗೇ ಇಳಿಯಬೇಕು? ಬರುವಾಗ ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಅದನ್ನೇ ಯೋಚಿಸಿದಳು.

ಉತ್ತರ ಮರುದಿನ ಸಿಕ್ಕಿತು. ಮನೆಯಲ್ಲಿ ಹಾಡಲು ಪುರುಸೊತ್ತಿಲ್ಲದ್ದರಿಂದ ಅವಳು ದಿನಾ ಊಟದ ಬಿಡುವಿನಲ್ಲಿ, ಶೆಡ್ಡಿನ ಹಿಂದೆ, ಗಾಳಿ ತುಂಬುವ ಕಂಪ್ರೆಸರಿನ ಬಾಜು ನಿಂತು ತಾಲೀಮು ಮಾಡುತ್ತಿದ್ದಳು. ಅದರ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ, ಯಾರೂ ನಗುವುದಿಲ್ಲ. ಆವತ್ತು ಹಾಡುತ್ತ ಹಾಡುತ್ತ ಮೂರನೇ ನುಡಿಯಲ್ಲಿ ಗಕ್ಕನೆ ನಿಂತಳು. ಅವಳು ನಿಲ್ಲಿಸಿದರೂ ಅವಳ ಆಧಾರ ಷಡ್ಜ ನಿಂತಿರಲಿಲ್ಲ. ಕಂಪ್ರೆಸರು ಅದನ್ನೇ ಹಿಡಿದು ಗುಂಯ್‌ಗುಟ್ಟುತ್ತಿತ್ತು. ಮೇಳದಲ್ಲಿ ತಂಬೂರಿ ಬಂದಾದ ಮೇಲೆ ಅವಳ ಕಂಠ ಮೆಲ್ಲಗೆ ಇಳಿದು ಸೇರುತ್ತಿದ್ದುದು ಇದನ್ನೇ. ತಿಂಗಳುಗಟ್ಟಲೆ ಅವಳಿಗೆ ಶ್ರುತಿ ಕೊಟ್ಟ ಗುರು ಈ ಎಣ್ಣೆ ಜಿಡ್ಡಿನ ಮಷೀನು!

ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸೀರೆ ನೆನಪಾಯಿತು, ನಗು ನಿಂತಿತು. ಹೇಳದೇ ಇದ್ದರೆ ಯಾರಿಗೆ ತಿಳಿಯುತ್ತದೆ? ಖಾನಾಪುರದಲ್ಲಿ ಮೆಲ್ಲಗೆ ಹಾಡಿ ಮುಗಿಸಿದರಾಯಿತು. ಎರಡು ದಿನ ಹೀಗೇ ಅಂದುಕೊಂಡಳು. ಆದರೆ ಅಳತೆ ತಪ್ಪಿದ ಮಾಲನ್ನು ಗೊತ್ತಿದ್ದೂ ಮುಂದೆ ದಾಟಿಸಿ ಅವಳಿಗೆ ರೂಢಿಯಿರಲಿಲ್ಲ.

ಶನಿವಾರ ಎಲ್ಲರೆದುರು ಹೇಳಿಬಿಟ್ಟಳು. ಬಾಯಿ ಕನ್ನಡಕ ತೆಗೆದು ಅವಳನ್ನು ನೋಡಿದರು.

"ಮಷೀನಿನ ಬಾಜು ಯಾಕ ಹಾಡ್ತಿ? ಮನಿ ಇಲ್ಲೇನು?"

"ಮನ್ಯಾಗ ಯಾವಾಗ ಹಾಡ್ಲಿರಿ, ಬಾಯೀ?"

ಬಾಯಿ ಕನ್ನಡಕ ಮತ್ತೆ ಏರಿಸಿಕೊಂಡರು. "ಖರೇ ಹೇಳಿದಿ, ಚಲೋ ಆತು. ಆದ್ರ ಮಾತು ಅಂದ್ರ ಮಾತು. ಖಾನಾಪುರಕ್ಕ ನೀ ಬ್ಯಾಡ."

ಪೂರ್ಣಿಮಾಳ ಕಣ್ಣು ತುಂಬಿತು. ಕೈಚೀಲ ಎತ್ತಿಕೊಂಡಳು. ಆಗ ಹಿಂದಿನ ಸಾಲಿನಿಂದ, ಮೇಳದಲ್ಲೇ ಹಿರಿಯಳಾದ ಸಂಗವ್ವ ಮುಂದೆ ಬಂದಳು.

"ಆಕಿನ್ನ ಬಿಟ್ರ ನನ್ನೂ ಬಿಡ್ರಿ."

"ನೀ ಏನ್ ಮಾಡಿದಿ?"

"ನಿಮ್ಮ ಶ್ರುತಿ ಭಾಳ ಮ್ಯಾಲ, ನನ್ನ ಗಂಟಲಿಗೆ ಮುಟ್ಟೂದಿಲ್ಲರಿ. ಮೊದಲಿನ ಎರಡು ನುಡಿ ಬರೇ ಬಾಯಿ ಆಡಸ್ತೀನಿ, ದನಿ ತಗಿಯೂದಿಲ್ಲ. ಮೂರನೇದಕ್ಕ ಹಾಡು ಕೆಳಗ ಬರ್ತದ ನೋಡ್ರಿ, ಆವಾಗ ಹಾಡ್ತೀನಿ. ಯಾರು ಎಳೀತಾರೋ ಅವರ ಹೊಟ್ಟಿ ತಣ್ಣಗಿರಲಿ ಅಂತಿದ್ದೆ."

ಯಾರೋ ಕಿಸಕ್ಕೆಂದರು. ಬಾಯಿ ನಗಲಿಲ್ಲ. ಆ ಶ್ರುತಿ ಅವರ ಸ್ವಂತ ಕಂಠದ್ದು. ಹರೆಯದಲ್ಲಿ ಹಿಡಿದದ್ದನ್ನೇ ಕಲಿಸಿದವರಿಗೆಲ್ಲ ಕೊಟ್ಟುಕೊಂಡು ಬಂದಿದ್ದರು. ನಿಮಗೆ ಮುಟ್ಟುತ್ತದೋ ಇಲ್ಲವೋ ಎಂದು ಒಬ್ಬರನ್ನೂ ಕೇಳಿರಲಿಲ್ಲ.

"ಇನ್ನ ಯಾರ್ಯಾರು ಬರೇ ಬಾಯಿ ಆಡಸ್ತೀರಿ?"

ಮೂಲೆಯಲ್ಲೊಂದು ಕೈ ಎದ್ದಿತು. ಅದನ್ನು ನೋಡಿ ಇನ್ನೊಂದು. ಆಮೇಲೆ ಅಲ್ಲಲ್ಲಿ, ನಾಚುತ್ತ, ಅರ್ಧ ಮೇಳವೇ ಕೈ ಎತ್ತಿತು.

ಬಾಯಿ ಆ ಕೈಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ತಂಬೂರಿ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು, ಅದರ ಶ್ರುತಿಯ ಗುಂಡಿಯ ಮೇಲೆ ಬೆರಳಿಟ್ಟರು.

"ಪೂರ್ಣಿಮಾ, ಚೀಲ ಕೆಳಗ ಇಡು. ಎಲ್ಲಿತನಕ ಇಳಸ್ಲಿ, ಹೇಳು."