ತುಂಡಿನ ಮರೆಯಲ್ಲಿ ಮೂರು ತಿಂಗಳು

ನನ್ನ ಸೋದರಮಾವನ ತುಂಡಿನ ಕೆಂಪು ಅಂಚಿನ ಪಕ್ಕದಲ್ಲಿ ಬೀಡಿಯ ಕಿಡಿ ಸುಟ್ಟ ಒಂದು ತೂತಿದೆ. ಕಡಲೆಕಾಳಿನಷ್ಟು. ಮೂರು ತಿಂಗಳಲ್ಲಿ ಆ ತೂತಿನೊಳಗಿಂದ ನನಗೆ ಒಂದೇ ಒಂದು ಸಲ ಒಂದು ಹೆಬ್ಬೆರಳಿನ ಉಗುರು ಕಂಡಿತು.

ತಿರುಪ್ಪೂರಿನ ಹತ್ತಿ ವ್ಯಾಪಾರದಲ್ಲಿ ನಾನು ಕಣ್ಣಾರೆ ಕಂಡದ್ದು ಅಷ್ಟೇ.

(ತುಂಡು ಎಂದರೆ ನಿಮ್ಮ ಕಡೆಯ ಟವಲು. ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅದು. ಮೈಸೂರಿನ ಓದುಗರು ಹೋದ ಸಲ ನನ್ನ ತಮಿಳು ಶಬ್ದಗಳ ಬಗ್ಗೆ ಸಂಪಾದಕರಿಗೆ ದೂರು ಬರೆದಿದ್ದರು. ಆದ್ದರಿಂದ ಈ ವಾರ ಮೊದಲೇ ಹೇಳಿಬಿಡುತ್ತೇನೆ.)

ಇಲ್ಲಿ ಹತ್ತಿಯ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನು ದಲ್ಲಾಳಿಯ ಎದುರು ನಿಲ್ಲುತ್ತಾನೆ. ದಲ್ಲಾಳಿ ಹೆಗಲ ತುಂಡನ್ನು ತೆಗೆದು ಇಬ್ಬರ ಕೈಮೇಲೂ ಹಾಸುತ್ತಾನೆ. ಕೆಳಗೆ ಬೆರಳುಗಳು ಬೆರಳುಗಳನ್ನು ಹಿಡಿಯುತ್ತವೆ. ಮೇಲೆ ಇಬ್ಬರೂ ಮಳೆಯ ಮಾತು, ಮಗಳ ಬಾಣಂತನದ ಮಾತು ಆಡುತ್ತಿರುತ್ತಾರೆ. ಕೊಂಚ ಹೊತ್ತಿಗೆ ಕೈ ಹೊರಬರುತ್ತದೆ. ಆಮೇಲೆ ಅದೇ ತುಂಡಿನ ಕೆಳಗೆ ದಲ್ಲಾಳಿಯೂ ರೈತನೂ ಕೈ ಹಿಡಿಯುತ್ತಾರೆ. ತುಂಡು ಮತ್ತೆ ಹೆಗಲಿಗೆ ಹೋಗುತ್ತದೆ. ಒಂದು ಬಂಡಿ ಹತ್ತಿ ಮಾರಾಟವಾಯಿತು.

ಯಾಕೆ ಹೀಗೆ ಎಂದು ಕೇಳಿದರೆ, ಪಕ್ಕದ ವ್ಯಾಪಾರಿಗೆ ಬೆಲೆ ತಿಳಿಯಬಾರದು ಎನ್ನುತ್ತಾರೆ. ಇರಬಹುದು.

ನಾನು ಮಾವನ ಹತ್ತಿ ಮಂಡಿಯಲ್ಲಿ ಮೂರು ತಿಂಗಳು ಕೂತಿದ್ದಕ್ಕೆ ಕಾರಣ ಲಂಡನ್ನು. ಅಲ್ಲಿನ ಒಂದು ವಾಣಿಜ್ಯ ಕಾಲೇಜು ನನ್ನ ಅರ್ಜಿಯನ್ನು ನೋಡಿ, ಬಿ.ಎ. ಸರಿ, ಇಂಗ್ಲಿಷ್ ಸರಿ, ಆದರೆ ವ್ಯಾಪಾರದ ಅನುಭವದ ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿತು. ಜೊತೆಗೆ ಒಂದು ಫಾರಂ ಬಂತು. ಅದನ್ನು ತುಂಬಿ ಸಹಿ ಹಾಕಬೇಕಾದವನು ಒಬ್ಬ ವ್ಯಾಪಾರಿ. ನನ್ನ ತಾಯಿಯ ತಮ್ಮ ತಿರುಪ್ಪೂರಿನಲ್ಲಿ ಹತ್ತಿಯ ಕಮಿಷನ್ ಮಂಡಿ ಇಟ್ಟಿದ್ದಾರೆ. ಅವರು, "ಬಾ ಅಮ್ಮಿಣಿ, ಬಂದು ಕುಂತ್ಕೊ, ಯಾರು ಬೇಡ ಅಂತಾರೆ" ಎಂದರು. (ಅಮ್ಮಿಣಿ ನನ್ನ ಹೆಸರಲ್ಲ. ಈ ಸೀಮೆಯಲ್ಲಿ ಹುಡುಗಿಯರಿಗೆಲ್ಲ ಅದೇ ಹೆಸರು.)

ಹಾಗೆ ಮೂರು ತಿಂಗಳು ನಮ್ಮೂರು ಅವಿನಾಶಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದೆ. ಹತ್ತಿಯನ್ನು ಚಿಟಿಕೆಯಲ್ಲಿ ಎಳೆದು ಎಳೆಯ ಉದ್ದ ನೋಡುವುದು ಕಲಿತೆ. ಬೀಜ ಕಚ್ಚಿ ತೇವ ಹೇಳುವುದು ಕಲಿತೆ. ತೂಕ ಬರಲೆಂದು ನೀರು ಚಿಮುಕಿಸಿದ ಮೂಟೆಯನ್ನು ವಾಸನೆಯಿಂದಲೇ ಹಿಡಿಯುತ್ತೇನೆ. ಮಾವನ ಗುಮಾಸ್ತರು ಚಿನ್ನಸಾಮಿ ಕೂಡ ಅದನ್ನು ಒಪ್ಪಿದ್ದಾರೆ. ತುಂಡು ಹೆಗಲಿನಿಂದ ಇಳಿದಾಗ ಮಾತ್ರ ನಾನು ಗೋಡೆ ನೋಡಬೇಕು. ಯಾರೂ ಹಾಗೆಂದು ಹೇಳಲಿಲ್ಲ. ನಾನೇ ನೋಡುತ್ತಿದ್ದೆ. ಹುಡುಗಿಯರಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ?

ಹೋದ ಗುರುವಾರ ಮಾವನೇ ಫಾರಂ ನೆನಪಿಸಿದರು. ಶುಕ್ರವಾರ ಹನ್ನೊಂದು ಗಂಟೆಗೆ ವಿಲಾಯತಿ ಟಪಾಲಿನ ಚೀಲ ಕಟ್ಟುತ್ತಾರೆ. ಆ ವಾರದ ಹಡಗು ತಪ್ಪಿದರೆ ಈ ವರ್ಷದ ಸೀಟು ತಪ್ಪಿತು. ಮುಂದಿನ ವರ್ಷ ನೋಡೋಣ ಎನ್ನಬಹುದು. ನಮ್ಮ ಮನೆಯಲ್ಲಿ ಮುಂದಿನ ವರ್ಷ ಎಂದರೆ ಏನು ಎಂದು ಬಿಡಿಸಿ ಹೇಳಬೇಕೇ? ದೇವರ ಗೂಡಿನಲ್ಲಿ ಆಗಲೇ ಎರಡು ಜಾತಕಗಳಿವೆ.

"ಕೊಡು, ಎಲ್ಲಿ ಸಹಿ?" ಎಂದರು ಮಾವ, ಪೆನ್ನಿನ ಮುಚ್ಚಳ ತೆಗೆದು.

ಅವರಿಗೆ ಇಂಗ್ಲಿಷ್ ಓದಲು ಬಾರದು. ಕನ್ನಡ ಮನೆಮಾತು, ಅದನ್ನೂ ಓದಲು ಬಾರದು. (ಈ ಅಂಕಣ ನಮ್ಮ ಮನೆಯಲ್ಲಿ ಒಬ್ಬರಿಗೂ ಓದಲು ಬಾರದು. ಅದಕ್ಕೇ ಧೈರ್ಯವಾಗಿ ಬರೆಯುತ್ತೇನೆ.) ಆದ್ದರಿಂದ ನಾನು ಓದಿ ಹೇಳಿದೆ. ಕೊನೆಯ ಸಾಲು ಹೀಗಿತ್ತು: ಸರಕಿನ ಬೆಲೆ ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ಅಭ್ಯರ್ಥಿ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಸ್ವತಃ ಕಂಡು ತಿಳಿದಿದ್ದಾರೆ.

ಓದಿದವಳು ಅಲ್ಲಿಗೇ ನಿಂತೆ.

"ಏನಾಯ್ತು?"

"ಇದು ನಿಜ ಅಲ್ಲ ಮಾವ."

"ಮೂರು ತಿಂಗ್ಳು ಇಲ್ಲೇ ಕುಂತಿದ್ದೆ ತಾನೆ?"

"ಕುಂತಿದ್ದೆ. ನೋಡ್ಲಿಲ್ಲ."

ಮಾವ ಚಿನ್ನಸಾಮಿಯವರ ಕಡೆ ತಿರುಗಿದರು. "ಕೇಳಿದ್ರಾ? ಲಂಡನ್ ದೊರೆ ಇಲ್ಲಿಗೆ ಬಂದು ನನ್ನ ತುಂಡು ಎತ್ತಿ ನೋಡ್ತಾನಂತೆ."

"ಆಮಾಂಗ" ಎಂದು ಹೌದುಗುಟ್ಟಿ ಚಿನ್ನಸಾಮಿ ನಕ್ಕರು.

"ಹಾಗಾದ್ರೆ ಬೆರಳು ಹೇಳಿಕೊಡಿ" ಎಂದೆ. "ಹೇಳಿಕೊಟ್ಟ ಮೇಲೆ ಸಹಿ ಹಾಕಿ."

ಮಾವ ನಗು ನಿಲ್ಲಿಸಿದರು. ಕೋಪವೇನಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳುವವರ ಹಾಗೆ ಕೇಳಿದರು. "ಕಲಿತು ಯಾರ ಕೈ ಹಿಡೀತೀಯ ಅಮ್ಮಿಣಿ?"

ಫಾರಂ ಮಡಚಿ ಚೀಲದಲ್ಲಿಟ್ಟೆ. ಸುಳ್ಳು ಬರೆದು ಕಳಿಸುವವರು ಎಷ್ಟಿಲ್ಲ? ಒಂದು ಸಾಲಿಗೆ ಇಷ್ಟು ಯೋಚನೆಯೇ? ಆದರೆ ನನಗೆ ಬೇರೊಂದು ಚುಚ್ಚುತ್ತಿತ್ತು. ಎರಡು ಅಡಿ ದೂರದಲ್ಲಿ, ನನ್ನ ಸೋದರಮಾವನ ಕೈಯಲ್ಲಿ ಆಗುವ ವ್ಯಾಪಾರ ನನಗೆ ಕಾಣುವುದಿಲ್ಲ. ವ್ಯಾಪಾರ ಕಲಿಯಲು ಏಳು ಸಾವಿರ ಚಿಲ್ಲರೆ ಮೈಲಿ ಹೋಗುತ್ತೇನೆಂದು ಹೊರಟಿದ್ದೇನೆ. ಇದಕ್ಕೇನು ಅರ್ಥ?

ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಳಕ್ಕೆ ಬಂದೆ. ಅಲ್ಲಿ ರಂಗಮ್ಮ ಕೂತಿದ್ದರು.

ರಂಗಮ್ಮ ನಮ್ಮವರೇ, ಅವಿನಾಶಿಯಾಚೆಯ ಹಳ್ಳಿಯ ಬೇಸಾಯದವರು. ಗಂಡ ತೀರಿಕೊಂಡು ಆರು ವರ್ಷ. ಉಳುವುದು, ಬಿಡಿಸುವುದು, ಬಂಡಿಗೆ ತುಂಬುವುದು ಎಲ್ಲ ಅವರೇ ನಿಂತು ಮಾಡಿಸುತ್ತಾರೆ. ಮಂಡಿಯಲ್ಲಿ ಮಾತ್ರ ತುಂಡಿನ ಕೆಳಗೆ ಮೈದುನನ ಕೈ ಹೋಗುತ್ತದೆ. ಆ ದಿನ ಮೈದುನನಿಗೆ ಜ್ವರ. ರಂಗಮ್ಮ ಒಬ್ಬರೇ ಬಂಡಿ ಹೊಡೆಸಿಕೊಂಡು ಬಂದಿದ್ದರು. ಬೆಳಗಿನಿಂದ ಹತ್ತಿ ಹಾಗೇ ಬಂಡಿಯಲ್ಲಿತ್ತು. ಮೇಲೆ ಮೋಡ.

ಮಾವ ಬಾಗಿಲಿಗೆ ಬಂದು, "ನಾಳೆ ಮೈದುನ ಬರ್ಲಿ ರಂಗಮ್ಮ. ಅವಸರ ಅಂದ್ರೆ ನಮ್ಮ ಚಿನ್ನಸಾಮಿ ಕೈ ಕೊಡ್ತಾರೆ" ಎಂದರು.

"ಅದೂ ನಿಮ್ಮ ಕೈ ತಾನೆ" ಎಂದರು ರಂಗಮ್ಮ.

ಮಾವ ಒಳಗೆ ಹೋದರು. ರಂಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಇಂಗ್ಲೀಷ್ ಓದಿದ ಅಮ್ಮಿಣಿ ಅಲ್ವಾ. ಇಲ್ಲೇ ಕುಂತಿರ್ತೀಯ. ನಿನಗೆ ಈ ಬೆರಳು ತಿಳಿಯುತ್ತಾ?"

"ಇಲ್ಲ."

"ಅಯ್ಯ, ನಿನಗೂ ಇಲ್ವಾ" ಎಂದು ಅವರು ಎಲೆಗೆ ಸುಣ್ಣ ಹಚ್ಚಲು ತೊಡಗಿದರು.

ಪದವಿ ಪ್ರದಾನದ ದಿನ ನಿಲುವಂಗಿ ತೊಟ್ಟು ನಿಂತದ್ದು ನೆನಪಾಯಿತು. ಯಾಕೆಂದು ಕೇಳಬೇಡಿ.

ಪಕ್ಕದ ವ್ಯಾಪಾರಿಗೆ ತಿಳಿಯಬಾರದೆಂದು ತುಂಡು ಹಾಸುತ್ತಾರಂತೆ. ಪಕ್ಕದ ವ್ಯಾಪಾರಿ ಇವರ ಹುಬ್ಬು ನೋಡಿಯೇ ಬೆಲೆ ಹೇಳುತ್ತಾನೆ, ನಾನೇ ಕೇಳಿದ್ದೇನೆ. ಹಾಗಾದರೆ ನಿಜವಾಗಿ ಏನೂ ಕಾಣದವರು ಯಾರು? ಹತ್ತಿ ಯಾರದೋ ಅವರು. ಇಂಥ ತುಂಡು ಮಂಡಿಯಲ್ಲಿ ಮಾತ್ರ ಇದೆಯೇ? ಜಗಲಿಯ ಮೇಲೆ ನಾಲ್ಕು ಜನ ಗಂಡಸರು ತಗ್ಗಿದ ದನಿಯಲ್ಲಿ ಮಾತಾಡುವಾಗ, ಯಾರ ವಿಷಯವೋ ಅವಳು ಒಳಗೆ ಕಾಫಿ ಸೋಸುತ್ತಿರುತ್ತಾಳೆ. ಲೋಟ ಇಡುವ ಸದ್ದಿನಿಂದ ಒಪ್ಪಿದರೋ ಇಲ್ಲವೋ ಎಂದು ಊಹಿಸುತ್ತಾಳೆ. ಲಂಡನ್ನಿನಲ್ಲಿ ಟವಲು ಇರಲಿಕ್ಕಿಲ್ಲ. ಬೇರೆ ಏನಾದರೂ ಇದ್ದೀತು.

ಮಧ್ಯಾಹ್ನ ಊಟಕ್ಕೆ ಮಂಡಿಯ ಹಿಂದೆಯೇ ಇರುವ ಮಾವನ ಮನೆಗೆ ಹೋದೆ. ಮಾವ ಉಂಡು ಮಲಗಿದ್ದರು. ಅತ್ತೆ, ಅಂದರೆ ಮಾವನ ಹೆಂಡತಿ, ಬಡಿಸುತ್ತಿದ್ದರು. ನಾನು ಹಡಗು ಹತ್ತುವುದು ಅತ್ತೆಗೆ ಸುತರಾಂ ಇಷ್ಟವಿಲ್ಲ. ಆ ಎರಡು ಜಾತಕಗಳಲ್ಲಿ ಒಂದು ಅವರ ತವರಿನಿಂದ ಬಂದದ್ದು.

"ಯಾಕೆ ಸೋರು ಹಾಗೇ ಇದೆ, ಅನ್ನ ಮುಟ್ಟೇ ಇಲ್ಲ? ಈಗ್ಲಿಂದಲೇ ದೊರೆಸಾನಿ ಊಟ ಅಭ್ಯಾಸ ಮಾಡ್ತಿದ್ದೀಯಾ?"

ಏನೂ ಹೇಳಬಾರದೆಂದಿದ್ದೆ. ಹೇಳಿಬಿಟ್ಟೆ. ಫಾರಂ, ರಂಗಮ್ಮ, ಎಲ್ಲ.

ಅತ್ತೆ ಸಾರಿನ ಪಾತ್ರೆ ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. ನನ್ನ ಎಡಗೈ ಎಳೆದು ಮೇಲೆ ಅದೇ ಸೆರಗು ಹಾಸಿದರು. ನನ್ನ ಎರಡು ಬೆರಳು ಹಿಡಿದರು.

"ಎಷ್ಟು?"

"ಎರಡು."

ಬೆರಳ ಗೆಣ್ಣು ಒತ್ತಿದರು. "ಇದು ಅರ್ಧ." ಕೈ ಪೂರ್ತಿ ಮುಷ್ಟಿಯಲ್ಲಿ ಹಿಡಿದರು. "ಇದು ಐದು." ಅಂಗೈ ಚಿವುಟಿದರು. "ಇದು ಆಗಲ್ಲ, ನಡಿ ಅಂತ. ಅಷ್ಟೇ ವೇಲೆ, ಅಷ್ಟೇ ಕೆಲಸ. ಇದಕ್ಕೆ ಲಂಡನ್ ಬೇಕಾ?"

"ನಿಮಗೆ ಯಾರು ಹೇಳಿಕೊಟ್ರು?"

"ಮತ್ಯಾರು, ನಿಮ್ಮ ಮಾವ." ಅತ್ತೆ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಮದುವೆ ಆದ ಹೊಸತು. ಮನೇಲಿ ಹದಿನಾಲ್ಕು ಜನ. ದೊಡ್ಡವರ ಮುಂದೆ ಗಂಡನ ಹತ್ರ ಮಾತಾಡೋ ಹಾಗಿಲ್ಲ. ನೀರಿನ ಚೊಂಬು ಕೊಡೋವಾಗ ಸೆರಗಿನ ಕೆಳಗೆ ಬೆರಳು ಹಿಡಿಯೋರು. ಮೂರು ಹಿಡಿದ್ರೆ ಮೂರು ಗಂಟೆಗೆ ಬಾವಿ ಹತ್ರ ಬರ್ತೀನಿ ಅಂತ."

"ಐದು ಹಿಡಿದ್ರೆ?"

"ಕೊಯಮತ್ತೂರಿಗೆ ಹೋಗ್ತೀನಿ, ಕಾಯಬೇಡ ಅಂತ."

ಇನ್ನೂ ಕೆಲವು ಹಿಡಿತಗಳಿದ್ದವು. ಅವನ್ನು ಅತ್ತೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಅತ್ತೆಗೆ ಈ ಊರಿನ ಗುಟ್ಟು ಗೊತ್ತು. ಮಂಡಿಯ ಹೊಸ್ತಿಲು ಮಾತ್ರ ಅವರು ದಾಟಿಲ್ಲ. "ಮಾವನಿಗೆ ಏನಂತ ಹೇಳಲಿ?" ಎಂದೆ.

"ನಾನು ಹೇಳಿಕೊಟ್ಟೆ ಅಂತ ಹೇಳು. ಏನ್ ಮಾಡ್ತಾರೆ ನೋಡೋಣ." ಮತ್ತೆ ಸಾರು ಬಡಿಸಿದರು. "ಹೋಗು ಅಂತ ನಾನು ಹೇಳ್ತಾ ಇಲ್ಲ. ಅದು ಬೇರೆ."

ಆ ಸಂಜೆಯ ಬಸ್ಸಿನಲ್ಲಿ ತೊಡೆಯ ಮೇಲಿನ ಪುಸ್ತಕದ ಕೆಳಗೆ ನನ್ನ ಬಲಗೈ ನನ್ನ ಎಡಗೈಯನ್ನು ಹಿಡಿಯುತ್ತಲೇ ಇತ್ತು. ಎರಡು. ಎರಡೂವರೆ. ನಾಲ್ಕು. ಆಗಲ್ಲ, ನಡಿ. ಪಕ್ಕದಲ್ಲಿದ್ದ ಹೆಂಗಸು ಚಳಿಯೇ ಎಂದು ಕೇಳಿದರು. ಸೆಕೆಗೆ ಬಸ್ಸಿನ ತಗಡು ಮುಟ್ಟುವ ಹಾಗಿರಲಿಲ್ಲ.

ಕಲಿತದ್ದು ಸಾಕೇ? ಫಾರಂ ಕೇಳಿದ್ದು ಸ್ವತಃ ಕಂಡದ್ದನ್ನು. ಅಡುಗೆಮನೆಯಲ್ಲಿ ಕಲಿತು ಮಂಡಿಯಲ್ಲಿ ಕಂಡೆ ಎಂದರೆ ಅದೂ ಮತ್ತೊಂದು ತುಂಡಲ್ಲವೇ?

ಮರುದಿನ ಮಾವ ಫಾರಮ್ಮಿಗೆ ಸಹಿ ಹಾಕಿದ್ದು ಹತ್ತು ಗಂಟೆಗೆ. ಟಪಾಲಿನ ಚೀಲ ಕಟ್ಟುವ ಮೊದಲು ಅದು ಚೀಲ ಸೇರಿತು. ಆದರೆ ನಾನು ಹೇಳಬೇಕೆಂದಿದ್ದು ಏಳೂವರೆಯದು.

ಮೊದಲ ಬಸ್ಸಿನಿಂದ ಇಳಿದು, ಅಂಗಳದಲ್ಲೇ ರಾತ್ರಿ ಕಳೆದಿದ್ದ ರಂಗಮ್ಮನ ಬಂಡಿಯ ಹತ್ತಿರ ನೇರ ಹೋದೆ. ರಾತ್ರಿ ಮಳೆ ಬರಲಿಲ್ಲ. ಮೈದುನನೂ ಬಂದಿರಲಿಲ್ಲ. ಬೆರಳು ಕಲಿತಿದ್ದೇನೆ ಎಂದೆ. ನನ್ನ ಕೈ ಆದೀತೇ ಎಂದು ಕೇಳಿದೆ. ಇವಳೂ ಅದೇ ಮಂಡಿಯ ಮನೆಯವಳಲ್ಲವೇ ಎಂದು ಅವರು ಯೋಚಿಸುವುದು ಮುಖದಲ್ಲೇ ಕಂಡಿತು.

"ನೀನು ಕಪ್ಪಲು ಹತ್ತಿ ಕಡಲು ದಾಟಿ ಹೋಗೋಳು" ಎಂದರು ಕೊನೆಗೆ. "ನೀನು ಯಾರ ಕೈಯೂ ಅಲ್ಲ. ಆಗುತ್ತೆ. ಮಣಕ್ಕೆ ಐದು ರೂಪಾಯಿಗೆ ಕಮ್ಮಿ ಬೇಡ."

ಕೊಳ್ಳುವವರ ಜೊತೆ ಮಾತು ಮುಗಿಸಿ ಮಾವ ಬಂಡಿಯ ಬಳಿ ಬಂದರು. ಮೈದುನನನ್ನು ಹುಡುಕಿ ಅತ್ತಿತ್ತ ನೋಡಿದರು. ರಂಗಮ್ಮ ನನ್ನನ್ನು ತೋರಿಸಿದರು. ಪಕ್ಕದ ಮಂಡಿಯ ಇಬ್ಬರು ತಕ್ಕಡಿ ಬಿಟ್ಟು ನಿಂತರು.

"ಯಾರು ಹೇಳಿಕೊಟ್ರು?" ಎಂದರು ಮಾವ.

"ಅತ್ತೆ."

ಮಾವನ ಕಿವಿ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ. ಹೆಗಲಿನಿಂದ ತುಂಡು ತೆಗೆದರು. ನಾನು ಕೈ ಚಾಚಿದೆ. ತುಂಡು ನಮ್ಮಿಬ್ಬರ ಕೈಮೇಲೆ ಬಿತ್ತು. ತೂತು ನನ್ನ ಕಡೆಗೇ ಇತ್ತು. ಅದರೊಳಗೆ ನೋಡಬೇಕೆನಿಸಲಿಲ್ಲ.

"ಈ ಸಲ ಬಿಸಿಲು ಜಾಸ್ತಿ" ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ.

"ಹೌದು ಮಾವ, ಜಾಸ್ತಿ" ಎಂದೆ.

ಅವರು ನಾಲ್ಕು ಬೆರಳು ಹಿಡಿದರು. ನಾನು ಐದನೆಯದನ್ನೂ ಅವರ ಮುಷ್ಟಿಗೆ ಸೇರಿಸಿದೆ.