ಬೇಗಂಬಿ ಕಾವಲು ಕುಳಿತ ಮೋಟಾರು

ಬೈಲಹೊಂಗಲದ ಬೇಗಂಬಿ ಹಿಟ್ಟಿನ ಡಬ್ಬಿ ಮುಚ್ಚುವ ಮುಂಚೆ ಹಿಟ್ಟಿನ ಮೇಲ್ಮೈಯನ್ನು ಅಂಗೈಯಿಂದ ಸವರಿ, ಬೆರಳಿನಿಂದ ಒಂದು ಗೆರೆ ಎಳೆದಿಡುತ್ತಿದ್ದಳು. ಯಾರಾದರೂ ಒಂದು ಹಿಡಿ ತೆಗೆದರೆ ಗೆರೆ ಕೆಡಬೇಕು. ಮನೆಯಲ್ಲಿ ಇದ್ದವರು ಅವಳು ಮತ್ತು ಗಂಡ ಅಲ್ಲಾಸಾಬ, ಇಬ್ಬರೇ. "ಯಾರು ಕದೀತಾರ ನಮ್ಮ ಹಿಟ್ಟು?" ಎಂದು ಅವನು ನಕ್ಕರೆ, "ಅದು ಗೊತ್ತಿದ್ರ ಗೆರಿ ಯಾಕ ಎಳೀತಿದ್ದೆ?" ಎನ್ನುತ್ತಿದ್ದಳು.

ಅವಳ ತವರು ಕಿತ್ತೂರು. ತಂದೆ ಬಟ್ಟೆಗೆ ಬಣ್ಣ ಹಾಕುವವನು. ಅವಳು ಹತ್ತು ವರ್ಷದವಳಿದ್ದಾಗ ತಂದೆಯ ಪಾಲುದಾರ ಇಡೀ ಹಂಗಾಮಿನ ಬಟ್ಟೆಯನ್ನು ಗಾಡಿಗೆ ಹೇರಿಕೊಂಡು, "ಹುಬ್ಬಳ್ಳಿಗೆ ಹೋಗಿ ಮಾರಿ ಬರ್ತೇನಿ" ಎಂದು ಹೋದವನು ತಿರುಗಿ ಬರಲೇ ಇಲ್ಲ. ತಂದೆ ಆರು ತಿಂಗಳು ಕಟ್ಟೆಯ ಮೇಲೆ ಕುಳಿತು ದಾರಿ ನೋಡಿದ. ಅದನ್ನು ಕಂಡ ಮೇಲೆ ಬೇಗಂಬಿ ಯಾರ ಮಾತಿಗೂ ಒಮ್ಮೆಲೇ ಹೂಂ ಅಂದವಳಲ್ಲ.

ಅಲ್ಲಾಸಾಬ ಅದಕ್ಕೆ ತದ್ವಿರುದ್ಧ. ದೊಡ್ಡ ಯುದ್ಧದಲ್ಲಿ ಇರಾಕಿನ ಬಸರಾಕ್ಕೆ ಹೋಗಿ ಮೋಟಾರು ಓಡಿಸುವುದನ್ನು ಕಲಿತು ಬಂದವನು. ಉಳಿಸಿ ತಂದ ಪಗಾರದಲ್ಲಿ ಹುಬ್ಬಳ್ಳಿಯಿಂದ ಒಂದು ಹಳೇ ಮೋಟಾರು ಕೊಂಡು, ಅರಳೆ ವ್ಯಾಪಾರಿಗಳಿಗೆ, ಲಗ್ನದ ದಿಬ್ಬಣಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ಸಾವಿರದ ಒಂಬೈನೂರಾ ಇಪ್ಪತ್ತಾರರ ಹೋಳಿಯ ಹಿಂದಿನ ವಾರ, ಎಂಜಿನ್ ಚಾಲೂ ಮಾಡಲು ಮುಂದಿನ ಹ್ಯಾಂಡಲ್ ತಿರುವುವಾಗ ಅದು ಉಲ್ಟಾ ಹೊಡೆದು ಅವನ ಬಲಗೈ ಮಣಿಕಟ್ಟು ಮುರಿಯಿತು. ಬಿದಿರಿನ ಸೀಳು ಇಟ್ಟು ಕಟ್ಟಿದ ನಾಟಿ ವೈದ್ಯ, ನಲವತ್ತು ದಿನ ಕೈ ಅಲುಗಿಸಬಾರದೆಂದು ಹೇಳಿ ಹೋದ. ಮೋಟಾರು ಅಂಗಳದಲ್ಲಿ ನಿಂತಿತು.

ಅಂಥ ಹೊತ್ತಿನಲ್ಲಿ ಆ ಮನುಷ್ಯ ಬಂದ. ನಲವತ್ತು ದಾಟಿದ, ಸ್ವಲ್ಪ ದಪ್ಪ ಮೈ. ಕಾಲಲ್ಲಿ ಬೂಟು, ತಲೆಯ ಮೇಲೆ ಸಾಹೇಬರ ಹ್ಯಾಟು, ಕಣ್ಣಿಗೆ ಚಸಮಾ. ಮಾತು ಮಾತ್ರ ನಮ್ಮ ಸೀಮೆಯದೇ.

"ನನ್ನ ಹೆಸರು ಮಹಾಂತಪ್ಪರಿ. ಆಫ್ರಿಕಾದಾಗ ಮೊಂಬಾಸಾ ಅಂತ ಊರೈತಿ, ಅಲ್ಲಿ ಒಬ್ಬ ಡಾಕ್ಟರ್ ಸಾಹೇಬ್ರ ಮೋಟಾರ ಓಡಸ್ತೇನಿ. ಎರಡು ತಿಂಗಳು ರಜಾ ಸಿಕ್ಕೈತಿ. ನಿಮ್ಮ ಗಾಡಿ ಒಂದು ದಿನದ ಮಟ್ಟಿಗೆ ಕೊಡ್ರಿ. ನಾನಽ ಓಡಸ್ತೇನಿ. ಸುರೇಬಾನಕ್ಕ ಹೋಗಿ ಬರಬೇಕು."

ಅಲ್ಲಾಸಾಬ ಬಾಡಿಗೆ ಹೇಳಿದ. ಬಂದವನು ಚೌಕಾಸಿ ಮಾಡಲಿಲ್ಲ. ಆಗಲಿ ಎಂದುಬಿಟ್ಟ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಬೇಗಂಬಿಗೆ ಅಲ್ಲೇ ಮೊದಲ ಮುಳ್ಳು ಚುಚ್ಚಿತು. ಚೌಕಾಸಿ ಮಾಡದೆ ಬಾಡಿಗೆ ಒಪ್ಪುವವನಿಗೆ ಬಾಡಿಗೆ ಕೊಡುವ ಮನಸ್ಸೇ ಇಲ್ಲದಿರಬಹುದು. ಅವನು ಮುಂದೆ ಕೇಳಿದ ಮಾತು ಅವಳ ಸಂಶಯವನ್ನು ಇನ್ನಷ್ಟು ಬೆಳೆಸಿತು.

"ಸಂಸ್ಥಾನದ ನಾಕಾದಾಗ ಕಾಗದಪತ್ರ ಕೇಳ್ತಾರೇನ್ರಿ?"

ಸುರೇಬಾನವೆಂದರೆ ರಾಮದುರ್ಗ ಸಂಸ್ಥಾನ. ಅಲ್ಲಿ ರಾಜ ಬೇರೆ, ಪೊಲೀಸರು ಬೇರೆ, ಕೋರ್ಟು ಬೇರೆ. ಗಡಿಯ ನಾಕಾ ದಾಟಿದ ಗಾಡಿಯನ್ನು ಅಲ್ಲೇ ಯಾರಿಗಾದರೂ ಮಾರಿ ಅವನು ನಡೆದುಬಿಟ್ಟರೆ ಬೈಲಹೊಂಗಲದ ಪೊಲೀಸರು ಹೋಗಿ ಹಿಡಿಯಲಾರರು. ಅವಳು ಗಂಡನನ್ನು ಒಳಗೆ ಕರೆದು ಇದನ್ನೆಲ್ಲ ಹೇಳಿದಳು.

"ಮನಿಷ್ಯಾ ಚಲೋ ಕಾಣ್ತಾನ. ಓಡಸಾಕೂ ಬರ್ತೈತಿ. ನಾ ಪರೀಕ್ಷಾ ಮಾಡೇನಿ" ಎಂದ ಅಲ್ಲಾಸಾಬ.

"ನಮ್ಮ ಅಪ್ಪನ ಪಾಲುದಾರನೂ ಚಲೋನಽ ಕಾಣ್ತಿದ್ದ. ಗಾಡಿ ಹೋಗೂದಿದ್ರ ಜೋಡಿ ನಾ ಹೋಗ್ತೇನಿ."

ಬಂದವನು ಅದಕ್ಕೂ ಇಲ್ಲವೆನ್ನಲಿಲ್ಲ. "ಬರ್ರಿ ಅವ್ವಾರ, ಹಿಂದಿನ ಸೀಟು ಖಾಲೀನಽ ಇರ್ತೈತಿ" ಎಂದ.

ಮರುದಿನ ಬೆಳಗಾಗುತ್ತಲೇ ಹೊರಟರು. ಹೊರಡುವ ಮುಂಚೆ ಬೇಗಂಬಿ ಮೋಟಾರನ್ನು ಒಂದು ಸುತ್ತು ಹಾಕಿ, ತಗ್ಗು ಬಿದ್ದ ಕಡೆ, ಬಣ್ಣ ಕಿತ್ತ ಕಡೆ ಎಲ್ಲ ಬೆರಳಿಟ್ಟು ಅವನಿಗೆ ತೋರಿಸಿದಳು. ಅವನೂ ಬಗ್ಗಿ ನೋಡಿದ. ಅವಳು ಬಿಟ್ಟಿದ್ದ ಒಂದು ತಗ್ಗನ್ನು ತಾನೇ ತೋರಿಸಿದ. ಅದೂ ಅವಳಿಗೆ ಸರಿಬರಲಿಲ್ಲ. ಇಷ್ಟು ಪ್ರಾಮಾಣಿಕತೆ ತೋರಿಸುವ ಅಗತ್ಯವೇನಿತ್ತು?

ಅವನ ಹತ್ತಿರ ಬೀಗ ಹಾಕಿದ ಒಂದು ತಗಡಿನ ಟ್ರಂಕು ಇತ್ತು. ಅದನ್ನು ಹಿಂದಿನ ಸೀಟಿನಲ್ಲಿ ಅವಳ ಪಕ್ಕಕ್ಕೇ ಇಟ್ಟು, "ಕಾಲು ತಾಗಸಬ್ಯಾಡ್ರಿ ಅವ್ವಾರ" ಎಂದ. ಅದರೊಳಗಿಂದ ಘಾಟಾದ ವಾಸನೆ ಬರುತ್ತಿತ್ತು. ಲವಂಗದಂತೆ ಇತ್ತು. ಆದರೆ ಲವಂಗವನ್ನು ಯಾರಾದರೂ ಟ್ರಂಕಿಗಟ್ಟಲೆ ಒಯ್ಯುತ್ತಾರೆಯೇ? ಕೆಳಗೆ ಬೇರೇನೋ ಇಟ್ಟು ಮೇಲೆ ಲವಂಗ ಹರವಿರಬೇಕು ಎಂದುಕೊಂಡಳು. ತಂದಿದ್ದ ಬಡಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅವನ ಕತ್ತಿನ ಹಿಂಭಾಗ ನೋಡುತ್ತ ಕುಳಿತಳು.

ಮುನವಳ್ಳಿಯ ಹತ್ತಿರ ಮಲಪ್ರಭೆಯಲ್ಲಿ ಪಾದ ಮುಳುಗುವಷ್ಟೇ ನೀರಿತ್ತು. ಅವನು ಇಳಿದು, ಬೂಟು ಕಳಚಿ, ಹೊಳೆಯ ತಳವನ್ನು ಕಾಲಿನಿಂದ ಒತ್ತಿ ನೋಡಿ ಬಂದು, ಗಾಡಿಯನ್ನು ಮೆಲ್ಲಗೆ ದಾಟಿಸಿದ. ಬಲಕ್ಕೆ ನವಿಲುತೀರ್ಥದ ಗುಡ್ಡ ಬಿಸಿಲಿಗೆ ಕೆಂಪಾಗಿತ್ತು. ಓಡಿಸುವ ಕೆಲಸದಲ್ಲಿ ತಪ್ಪು ಹುಡುಕಲು ಅವಳಿಗೆ ಏನೂ ಸಿಗಲಿಲ್ಲ.

ಸವದತ್ತಿಯ ಏರಿನಲ್ಲಿ ಮಾತ್ರ ಸಿಕ್ಕಿತು. ಅರ್ಧ ಏರಿದ ಗಾಡಿ ಕೆಮ್ಮಿ ನಿಂತಿತು. ಅವನು ಅದನ್ನು ಹಿಂದಕ್ಕೆ ಬಿಟ್ಟು, ಸಮನಾದ ಕಡೆ ಪೂರ್ತಿ ತಿರುಗಿಸಿ, ಮುಖವನ್ನು ಬೈಲಹೊಂಗಲದ ಕಡೆಗೆ ಮಾಡಿದ. ಬೇಗಂಬಿ ಬಡಿಗೆ ಎತ್ತಿ ಅವನ ಹೆಗಲಿಗೆ ತಾಗಿಸಿದಳು.

"ಎತ್ತಾಗ ಹೊಂಟ್ರಿ?"

"ಮ್ಯಾಲಽ ಹೊಂಟೇನ್ರಿ."

"ಮ್ಯಾಲ ಹೋಗಾವ್ರು ಕೆಳಗ ಮಾರಿ ಯಾಕ ಮಾಡ್ತಾರ?"

ಅವನು ಅಲುಗಾಡದೆ ಹೇಳಿದ: "ಎಣ್ಣಿ ಟಾಕಿ ನಾ ಕುಂತ ಸೀಟಿನ ಕೆಳಗ ಐತ್ರಿ ಅವ್ವಾರ. ಅಲ್ಲಿಂದ ಎಣ್ಣಿ ತಾನಽ ಹರದು ಎಂಜಿನ್ನಿಗೆ ಹೋಗ್ಬೇಕು. ಮೂತಿ ಮ್ಯಾಲ ಆದ್ರ ಎಣ್ಣಿ ಏರೂದಿಲ್ಲ. ಹಿಂದಮುಂದ ಮಾಡಿ, ಹಿಂದಕ್ಕಽ ಏರಸ್ಬೇಕು. ಮನಿಗೆ ಹೋದಮ್ಯಾಲ ನಿಮ್ಮ ಸಾಹೇಬ್ರನ್ನ ಕೇಳ್ರಿ."

ಹಾಗೆಯೇ ಮೋಟಾರು ಹಿಮ್ಮುಖವಾಗಿ ಏರನ್ನು ಹತ್ತಿತು. ಕಟ್ಟಿಗೆ ಹೊರೆ ಹೊತ್ತ ಹೆಂಗಸರು ದಾರಿ ಬಿಟ್ಟು ನಿಂತು ನೋಡಿದರು. ಮೇಲೆ ಮುಟ್ಟಿದ ನಂತರವೂ ಬೇಗಂಬಿ ಬಡಿಗೆಯನ್ನು ಕೆಳಗಿಡಲಿಲ್ಲ. ಹೇಳಿದ ಒಂದು ಮಾತು ನಿಜವಾದ ಮಾತ್ರಕ್ಕೆ ಉಳಿದವೆಲ್ಲ ನಿಜವಾಗಬೇಕೆಂದಿಲ್ಲ.

ಹೂಲಿ ದಾಟಿ ಸಂಸ್ಥಾನದ ನಾಕಾ ಬಂತು. ಬರುವ ಮುಂಚೆಯೇ ಅವನು ಇಳಿದು, ಮೋಟಾರಿನ ಮೇಲಿನ ಕ್ಯಾನ್ವಾಸ್ ಮುಚ್ಚಿಗೆಯನ್ನು ಎಳೆದು ಕಟ್ಟಿದ. ಹ್ಯಾಟನ್ನು ಹುಬ್ಬಿನ ತನಕ ಇಳಿಸಿದ. ನಾಕಾದ ಕಾರಕೂನ ವಹಿ ಹಿಡಿದು ಬಂದ.

"ಯಾರ ಗಾಡಿ?"

"ಬೈಲಹೊಂಗಲದ ಅಲ್ಲಾಸಾಬ ಅವ್ರದ್ರಿ. ಅವರ ಮನ್ಯಾವ್ರು ಹಿಂದ ಕುಂತಾರ."

"ನಿಮ್ಮ ಹೆಸರು?"

"ಗಂಗಯ್ಯ."

 ಬೈಲಹೊಂಗಲದಲ್ಲಿ ಮಹಾಂತಪ್ಪ, ಇಲ್ಲಿ ಗಂಗಯ್ಯ. ಈಗಲೇ ಕೂಗಿ ಹೇಳಬೇಕೆಂದು ಬೇಗಂಬಿಯ ನಾಲಿಗೆಯ ತುದಿಗೆ ಬಂತು. ಆದರೆ ಹೇಳಿದರೆ ಕಾರಕೂನ ಅವನ ಜೊತೆ ಗಾಡಿಯನ್ನೂ ತಡೆದು ನಿಲ್ಲಿಸುತ್ತಾನೆ. ಪರರ ರಾಜ್ಯದಲ್ಲಿ ತಡೆದ ಗಾಡಿ ಎಂದು ಬಿಟ್ಟೀತು? ಅವಳು ತುಟಿ ಕಚ್ಚಿಕೊಂಡು ಕುಳಿತಳು. ಕಾರಕೂನ ಟ್ರಂಕಿನ ಕಡೆ ಕಣ್ಣು ಹಾಕಲೇ ಇಲ್ಲ. ಮೋಟಾರಿನ ಪಿತ್ತಾಳೆ ದೀಪಗಳನ್ನು ಮುಟ್ಟಿ ನೋಡಿ, ತೃಪ್ತಿಪಟ್ಟು, ಹೋಗಗೊಟ್ಟ.

ಅರ್ಧ ಹರದಾರಿ ಹೋದ ಮೇಲೆ ಅವಳು ಕೇಳಿದಳು: "ನಿಮಗ ಎಷ್ಟು ಹೆಸರು ಅದಾವ?"

ಅವನು ಒಮ್ಮೆ ಹಿಂದಕ್ಕೆ ನಾಕಾದ ಕಡೆ ನೋಡಿದ. ಆಮೇಲೆ, "ಗಾಡಿ ನಿಮ್ಮದು ನಿಮಗ ಮುಟ್ಟಸ್ತೇನ್ರಿ ಅವ್ವಾರ. ಅದೊಂದು ನಂಬ್ರಿ" ಎಂದ.

ಸುರೇಬಾನ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಊರು ಮೋಟಾರಿನ ಸುತ್ತ ನೆರೆಯಿತು. ಕೆಲವರು ಗಾಲಿ ಮುಟ್ಟಿದರು, ಒಬ್ಬ ಮುದುಕ ಕೆಳಗೆ ಬಗ್ಗಿ ಎತ್ತು ಎಲ್ಲಿ ಕಟ್ಟುತ್ತಾರೆಂದು ಹುಡುಕಿದ. ಓಡಿಸುತ್ತಿದ್ದವನ ಮುಖವನ್ನು ಒಬ್ಬರೂ ಸರಿಯಾಗಿ ನೋಡಲಿಲ್ಲ. ನಡೆದು ಬಂದ ಪರಸ್ಥಳದವನಾಗಿದ್ದರೆ ಯಾರ ಪೈಕಿ, ಯಾವ ಊರು ಎಂದು ಹತ್ತು ಜನ ಹಿಡಿದು ಕೇಳುತ್ತಿದ್ದರು. ಇವನು ಮೋಟಾರನ್ನೇ ಯಾಕೆ ಹುಡುಕಿಕೊಂಡು ಬಂದಿದ್ದನೆಂಬುದು ಬೇಗಂಬಿಗೆ ಆಗ ಹೊಳೆಯಿತು. ಈ ಊರಿನಲ್ಲಿ ಅವನು ಮುಖ ಮುಚ್ಚಿಕೊಳ್ಳಬೇಕಿತ್ತು. ಯಾಕೆ ಎಂಬುದೊಂದು ಉಳಿಯಿತು.

ಅವನು ಕೊನೆಯ ಓಣಿಯ ಒಂದು ಮನೆಯ ಮುಂದೆ ಗಾಡಿ ನಿಲ್ಲಿಸಿ ಟ್ರಂಕು ಹೊತ್ತು ಇಳಿದ. ಬೇಗಂಬಿಯೂ ಬಡಿಗೆ ಹಿಡಿದು ಹಿಂದೆಯೇ ನಡೆದಳು. ಹೊಸ್ತಿಲಲ್ಲಿ ಒಬ್ಬ ಹೆಂಗಸು ಜೋಳ ಹಸನು ಮಾಡುತ್ತಿದ್ದಳು. ನಲವತ್ತರ ಹತ್ತಿರದವಳು, ಬಿಸಿಲಿಗೆ ಸುಟ್ಟ ಮುಖ.

"ಬೀರವ್ವ ಅಂದ್ರ ನೀವಽ ಏನ್ರಿ? ನಾನು ಮೊಂಬಾಸಾದಿಂದ ಬಂದೇನಿ. ನಿಮ್ಮ ಅಣ್ಣ ಲಗಮಪ್ಪ ಅಲ್ಲಿ ಅದಾನ. ಇದನ್ನ ನಿಮಗ ಮುಟ್ಟಸು ಅಂತ ಕೊಟ್ಟಾನ."

ಬೀರವ್ವ ಮೊರ ಕೆಳಗಿಟ್ಟಳು. ಟ್ರಂಕನ್ನು ನೋಡಿದಳು, ಮುಟ್ಟಲಿಲ್ಲ.

"ಇಪ್ಪತ್ತು ವರ್ಷ ಆದಮ್ಯಾಲ ನೆನಪಾತೇನು ಅವಗ? ಹೊಳ್ಳಿ ಒಯ್ಯಿರಿ ಅದನ್ನ."

"ಅವನ ಮ್ಯಾಲ ಎತ್ತಿನ ಕಳವು ಬಂದಿತ್ತಂತ. ಅದಕ್ಕ ಅಂಜಿ..."

"ಬಂದಿತ್ತು. ಗೌಡ್ರ ಮನ್ಯಾಗ ದುಡೀತಿದ್ದ. ಎತ್ತು ಕಾಣಲಾರದಂಗ ಆತು. ಚಾವಡಿಗೆ ಎಳಕೊಂಡು ಹೋಗಿ ಬಡದ್ರು. ಮರುದಿನ ಓಡಿಹೋದ. ಓಡಿಹೋದಾಂವನಽ ಕಳ್ಳ ಅಂದ್ರು. ನಾ ಕಳ್ಳನ ತಂಗಿ ಅನಿಸಿಕೊಂಡು ನೀರಿಗೆ ಹೋದೆ, ಬಂದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮುಂದಿನ ಬ್ಯಾಸಗ್ಯಾಗ ಗೌಡ್ರ ಹೊಲದ ಪಾಳುಬಾವಿ ಬತ್ತಿತು. ಕೆಳಗ ಎತ್ತಿನ ಎಲಬು ಬಿದ್ದಿತ್ತು, ಕೊರಳ ಗಂಟಿ ಸುದ್ದಾ. ಕಾಲು ಜಾರಿ ಬಿದ್ದು ಸತ್ತಿತ್ತು ಅದು. ಗೌಡ್ರು ಚಾವಡ್ಯಾಗ ನಿಂತು, ನಂದು ತಪ್ಪಾತು ಅಂದ್ರು. ಕೇಳಾಕ ಅಂವ ಎಲ್ಲಿದ್ದ? ಹತ್ತೊಂಬತ್ತು ವರ್ಷ ಆತು ಅದಕ್ಕ."

ಬೇಗಂಬಿ ಅವನನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅವನ ಕತ್ತು, ಕೈ, ಕಿವಿ ಎಲ್ಲವನ್ನೂ ಕಾದು ನೋಡಿದ್ದವಳು, ಈಗ ಅವನ ಮುಖ ನೋಡಿದಳು. ಅವನು ಟ್ರಂಕಿನ ಮೇಲೆ ಕುಳಿತು, ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಬೀರವ್ವಾ, ನಾನಽ ಲಗಮಪ್ಪ" ಎಂದ.

ಬೀರವ್ವ ಎದ್ದು ನಿಂತಳು. ಒಂದು ಹೆಜ್ಜೆ ಹಿಂದಕ್ಕೂ ಸರಿದಳು. "ಈಗ ಅವನ ಕಡಿಂದ ಬಂದೇನಿ ಅಂದ್ರಿ. ಈಗ ನೀವಽ ಅಂವ ಅಂತೀರಿ. ನಮ್ಮಣ್ಣ ಕಡ್ಡಿ ಇದ್ದಂಗ ಇದ್ದ." ಅವಳು ಬೇಗಂಬಿಯ ಕಡೆ ತಿರುಗಿದಳು. "ಯವ್ವಾ, ನೀವು ಇವರ ಜೋಡಿ ಬಂದೀರಿ. ಯಾರಿವ್ರು? ನಂಬಬಹುದೇನು?"

ತನ್ನನ್ನು ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬೇಗಂಬಿ ಹೇಳಿದಳು: "ನನಗ ಗೊತ್ತಿಲ್ಲ ತಂಗಿ. ನಿನ್ನಿಯಿಂದ ಮೂರು ಹೆಸರು ಹೇಳ್ಯಾರ. ಇವ್ರು ಕಳ್ಳರು ಅಂತ ತಿಳದಽ ಬಡಿಗಿ ಹಿಡಕೊಂಡು ಬಂದೇನಿ. ಆದ್ರ ಎತ್ತಿನ ಸುದ್ದಿ ಹೇಳಿದಾಗ ಇವರ ಮಾರಿ ನೋಡಿದೆ. ಸಂಬಂಧ ಇಲ್ಲದವರ ಮಾರಿ ಹಂಗ ಆಗೂದಿಲ್ಲ. ಇಷ್ಟಽ ಹೇಳ್ತೇನಿ. ನಂಬೂದು, ಬಿಡೂದು ನೀನಽ ನೋಡು."

ಬೀರವ್ವ ಅವನನ್ನು ಕೇಳಿದಳು: "ಅವ್ವ ಸಾಯೂಮುಂದ ಏನಂದ್ಲು?"

ಅವನು ತಲೆ ಎತ್ತಿದ. "ಅವ್ವ ಹೋದಳೇನು?" ಎಂದ. ಆಮೇಲೆ, "ನಾ ಇರಲಿಲ್ಲಲಾ ಬೀರವ್ವಾ. ನನಗೇನು ಗೊತ್ತು?" ಎಂದ. 

ಮೋಸ ಮಾಡಲು ಬಂದವನಾಗಿದ್ದರೆ ನಿನ್ನ ನೆನೆಸಿದಳು, ನನ್ನ ನೆನೆಸಿದಳು ಎಂದು ಏನಾದರೂ ಕಟ್ಟಿ ಹೇಳುತ್ತಿದ್ದ ಎಂದು ಬೇಗಂಬಿಗೆ ಅನ್ನಿಸಿತು. ಬೀರವ್ವನಿಗೂ ಹಾಗೇ ಅನ್ನಿಸಿರಬೇಕು. ಅವಳು ಹೋಗಿ ಅವನ ಮುಂದೆ ನೆಲದ ಮೇಲೆ ಕುಳಿತಳು. "ಬಾಗಲಾ ಹಾಕಬ್ಯಾಡ್ರಿ, ಅಂವ ಬರ್ತಾನ ಅಂದ್ಲು" ಎಂದಳು. ಅಣ್ಣ ತಂಗಿ ಇಬ್ಬರೂ ಅತ್ತರು. ಬೇಗಂಬಿ ಹೊರಗೆ ಹೋಗಿ ಮೋಟಾರಿನ ಮೆಟ್ಟಿಲ ಮೇಲೆ ಕುಳಿತಳು.

ಟ್ರಂಕಿನಲ್ಲಿ ಇದ್ದದ್ದು ನಿಜವಾಗಿಯೂ ಲವಂಗವೇ. ಜೊತೆಗೆ ಎರಡು ಸೀರೆ, ಒಂದು ಗಡಿಯಾರ. ರೊಟ್ಟಿ ಉಂಡ ಮೇಲೆ ಬೀರವ್ವ ಅಣ್ಣನ ಹ್ಯಾಟನ್ನು ಮನೆಯಲ್ಲೇ ಇಡಿಸಿ, ಅವನ ತಲೆಗೆ ತನ್ನ ಗಂಡನ ರುಮಾಲು ಸುತ್ತಿಸಿ, ಹಾಡುಹಗಲಲ್ಲಿ ನಡು ಓಣಿಯಲ್ಲಿ ನಡೆಸಿಕೊಂಡು ಚಾವಡಿಯ ತನಕ ಹೋದಳು. ಮೋಟಾರಿನ ಸುತ್ತ ಇದ್ದವರೆಲ್ಲ ಅದನ್ನು ಬಿಟ್ಟು ಅವರ ಹಿಂದೆ ನಡೆದರು. ಬೇಗಂಬಿ ಮಾತ್ರ ಗಾಡಿಯ ಹತ್ತಿರವೇ ಕುಳಿತಳು. ಅಣ್ಣ ತಂಗಿ ನಿಜವೇ ಇರಬಹುದು, ಆದರೆ ಗಾಡಿಯನ್ನು ಬಿಟ್ಟು ಹೋಗುವುದು ಹೇಗೆ?

ಹೊತ್ತು ಇಳಿಯುವ ಮುಂಚೆ ಲಗಮಪ್ಪ, ಬೇಗಂಬಿ ಇಬ್ಬರೂ ಮೋಟಾರಿನಲ್ಲಿ ಬೈಲಹೊಂಗಲದ ದಾರಿ ಹಿಡಿದರು. ನಾಕಾದಲ್ಲಿ ಕಾರಕೂನ ಮತ್ತೆ ಹೆಸರು ಕೇಳಿದಾಗ ಅವನು ಲಗಮಪ್ಪ ಎಂದ. ಬೆಳಿಗ್ಗೆ ಗಂಗಯ್ಯ ಎಂದು ಬರೆದುಕೊಂಡಿದ್ದ ಕಾರಕೂನ ಹುಬ್ಬೇರಿಸಿದ. ಬೇಗಂಬಿ ಹಿಂದಿನಿಂದ, "ಇಂವ ಸುರೇಬಾನದಾವನರಿ, ಲಗಮಪ್ಪ. ನನಗ ಗೊತ್ತು" ಎಂದಳು. ಜೀವಮಾನದಲ್ಲಿ ಅವಳು ಒಬ್ಬರಿಗೆ ಜಾಮೀನು ಹೇಳಿದ್ದು ಅದೇ ಮೊದಲು.

ಲಗಮಪ್ಪ ರಜೆ ಮುಗಿಸಿ ಮೊಂಬಾಸಾಕ್ಕೆ ಹೋದ. ವರ್ಷಕ್ಕೆ ಎರಡು ಸಲ ಅಲ್ಲಾಸಾಬನ ವಿಳಾಸಕ್ಕೆ ಕಾಗದ ಬರುತ್ತಿತ್ತು, ತಂಗಿಗೆ ಹೇಳಬೇಕಾದದ್ದೂ ಅದರೊಳಗೇ ಇರುತ್ತಿತ್ತು. ಬೈಲಹೊಂಗಲದ ಅರಳೆ ಪೇಟೆಗೆ ಬಂದಾಗ ಬೀರವ್ವ ಅದನ್ನು ಕೇಳಿಕೊಂಡು ಹೋಗುತ್ತಿದ್ದಳು. ಬೇಗಂಬಿಗೆ ಓದಲು ಬರುತ್ತಿರಲಿಲ್ಲ. ಕಾಗದ ಬಂದ ಕೂಡಲೇ ಕನ್ನಡ ಶಾಲೆಯ ಮಾಸ್ತರರಿಂದ ಓದಿಸಿ, ಒಂದೊಂದು ಮಾತನ್ನೂ ನೆನಪಿಟ್ಟುಕೊಂಡು, ಮರುದಿನ ಅದೇ ಕಾಗದವನ್ನು ಅರಳೆ ಅಂಗಡಿಯ ಗುಮಾಸ್ತನ ಹತ್ತಿರ ಒಯ್ದು ಇನ್ನೊಮ್ಮೆ ಓದಿಸುತ್ತಿದ್ದಳು. ಮಾಸ್ತರರು ಒಂದು ಸಾಲು ಬಿಟ್ಟಿದ್ದರೆ ಗೊತ್ತಾಗಲಿ ಎಂದು.