ಮುರಿದ ಟೇಪಿನ ಒಂದಿಂಚು

ನಮ್ಮ ಮುಳಬಾಗಿಲಿನ ಮನೆಯ ಬಟ್ಟೆ ಬೀರುವಿಗೆ ಎರಡು ಜಾರು ಬಾಗಿಲು. ಕಳೆದ ಮಳೆಗಾಲದಲ್ಲಿ ಗೋಡೆಯ ತೇವ ಕುಡಿದು ಎರಡೂ ಊದಿಕೊಂಡವು. ನನ್ನ ಹೆಂಡತಿ ಸೀರೆ ತೆಗೆಯಬೇಕೆಂದರೆ ಭುಜ ಕೊಟ್ಟು ತಳ್ಳಬೇಕಿತ್ತು. ಕೋಲಾರದ ಅಂಗಡಿಯಲ್ಲಿ ಹೊಸ ಬಾಗಿಲು ಮಾಡಿಸೋಣ ಎಂದು ಫೋನ್ ಮಾಡಿದೆ.

"ನಮ್ಮೋರೇ ಬಂದು ಅಳತೆ ತಗೋತಾರೆ," ಎಂದರು.

"ನಾನು ಬಡಗಿ ಕಣಪ್ಪ. ನನ್ನ ಮನೆ ಅಳತೆ ನಾನೇ ಕೊಡ್ತೀನಿ," ಎಂದೆ.

ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಕಲಿತದ್ದೆಲ್ಲ ಉಳಿ, ಗರಗಸ, ಟೇಪಿನಲ್ಲಿ. ಶ್ರೀನಿವಾಸಪುರದ ಕಡೆ ನಾನು ನಿಲ್ಲಿಸಿದ ಬಾಗಿಲುಗಳು ಇವತ್ತಿಗೂ ಒಂದು ಬೆರಳಲ್ಲಿ ತೆರೆದುಕೊಳ್ಳುತ್ತವೆ. ಆದರೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮಾಲೂರಿನ ಒಂದು ಮನೆಯಲ್ಲಿ ಮೂರನ್ನು ಎಂಟು ಎಂದು ಓದಿ ಎರಡು ಕಿಟಕಿ ಹಾಳು ಮಾಡಿದೆ. ಆಮೇಲೆ ನನ್ನ ಕಂಟ್ರಾಕ್ಟರು ಕರೆಯುವುದನ್ನೇ ನಿಲ್ಲಿಸಿದ. ನಾನೇ ಎರಡು ಸಲ ಹೋಗಿ ಕೇಳಿದ ಮೇಲೆ, "ಯಲ್ದೂರಿನಲ್ಲಿ ಒಂದು ಮನೆ ಇದೆ ಮೇಸ್ತ್ರಿ. ಸೋಮವಾರ ಫೋನ್ ಮಾಡ್ತೀನಿ, ಅಳತೆ ಹಿಡಿಯೋ ಧೈರ್ಯ ಇದ್ರೆ ಹೇಳಿ," ಎಂದ. ಧೈರ್ಯ ಇದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಬೀರುವಿನ ಬಾಗಿಲು ಸರಿಯಾಗಿ ಕೂತರೆ ಯಲ್ದೂರಿಗೆ ಹೋಗುವುದು ಎಂದು ಮನಸ್ಸಿನಲ್ಲೇ ಮಾತು ಕಟ್ಟಿಕೊಂಡೆ.

ನನ್ನ ಹಳೆಯ ಟೇಪಿನ ತುದಿಯ ಕೊಕ್ಕೆ ಮುರಿದು ಎಷ್ಟೋ ಕಾಲವಾಗಿತ್ತು. ಅದಕ್ಕೇ ಒಂದನೇ ಇಂಚಿನ ಗೆರೆಯಿಂದ ಹಿಡಿದು, ಕೊನೆಗೆ ಒಂದಿಂಚು ಕಳೆದು ಬರೆಯುವುದು ನನ್ನ ರೂಢಿ. ಈಗ ಅದರ ಅಂಕಿಗಳೂ ಸವೆದಿದ್ದವು. ಹೆಂಡತಿ ಪೇಟೆಯಿಂದ ದಪ್ಪ ಅಂಕಿಯ ಹೊಸ ಟೇಪು ತಂದಳು. ಹಳೆಯ ಬಾಗಿಲ ಬುಡದಲ್ಲಿ ಕೂತು, ಟೇಪಿನ ತುದಿಯನ್ನು ಅಂಚಿಗೆ ಒತ್ತಿ ಹಿಡಿದಳು. ನಾನು ಸ್ಟೂಲು ಹತ್ತಿದೆ.

"ಎಪ್ಪತ್ತೆಂಟು ಇಂಚು, ಆರು ಗೆರೆ," ಎಂದೆ.

"ನಾನೊಂದು ಸಲ ನೋಡ್ಲಾ?"

"ಯಾಕೆ, ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ. ಕಣ್ಣಿನ ಮೇಲೆ ಇಲ್ಲ. ದಿಗಯ್ಯಾ ಕೆಳಗೆ," ಎಂದು ತನ್ನ ತಾಯಲೂರು ತೆಲುಗಿನಲ್ಲಿ ಗದರಿ ನನ್ನನ್ನು ಇಳಿಸಿದಳು. ನಾನು ತುದಿ ಹಿಡಿದೆ. ಅವಳು ಮೇಲೆ ಹತ್ತಿ ಗೆರೆ ಎಣಿಸಿದಳು. ಎಪ್ಪತ್ತೆಂಟು, ಆರು. ಸರಿಯಾಗಿತ್ತು.

ಅವತ್ತು ಎರಡು ಮುದ್ದೆ ಉಂಡೆ. ಅಳತೆ ಬರೆದು, ಅಂಗಡಿಗೆ ಓದಿ ಹೇಳಿ, ಚೀಟಿಯನ್ನು ಬೀರುವಿನ ಒಳಗೆ ಅಂಟಿಸಿದೆ.

ಹೊಸ ಬಾಗಿಲುಗಳು ಭಾನುವಾರ ಟೆಂಪೋದಲ್ಲಿ ಬಂದವು. ಕಳಚುವಾಗಲೇ ಹಳೆಯವು ಬುಡದಲ್ಲಿ ಪುಡಿಯಾದವು. ಹೊಸದನ್ನು ಕೆಳಗಿನ ಹಳಿಯ ಮೇಲಿಟ್ಟು ಎತ್ತಿ ನಿಲ್ಲಿಸಿದೆ. ಮೇಲಿನ ಹಳಿಗೆ ಎಟುಕಲಿಲ್ಲ. ಇನ್ನೊಂದೂ ಅಷ್ಟೇ. ಕೈ ಬಿಟ್ಟರೆ ಮುಂದಕ್ಕೆ ವಾಲುತ್ತಿತ್ತು. ಹೆಂಡತಿ ಎರಡೂ ಕೈ ಕೊಟ್ಟು ತಡೆದಳು.

ಅಂಗಡಿಯವರನ್ನು ಬೈಯುವ ಮುನ್ನ ಚೀಟಿ ನೋಡಿದೆ. ಎಪ್ಪತ್ತೇಳು ಇಂಚು, ಆರು ಗೆರೆ. ನನ್ನದೇ ಅಕ್ಷರ. ಹೊಸ ಟೇಪಿನ ತುದಿ ಗಟ್ಟಿಯಾಗಿತ್ತು, ಅವಳು ಸೊನ್ನೆಯಿಂದಲೇ ಹಿಡಿದಿದ್ದಳು. ನಾನು ರೂಢಿಯಂತೆ ಒಂದಿಂಚು ಕಳೆದಿದ್ದೆ. ಕಳೆದದ್ದು ನೆನಪೂ ಇರಲಿಲ್ಲ.

"ಕಣ್ಣು ಸರಿಯಾಗೇ ಓದಿತ್ತಲ್ಲಯ್ಯಾ," ಎಂದಳು, ಸಮಾಧಾನ ಮಾಡುವವಳಂತೆ.

ಅದೇ ನನ್ನನ್ನು ಕೂರಿಸಿಬಿಟ್ಟಿತು. ತಪ್ಪು ಕಣ್ಣಿನದಾಗಿದ್ದರೆ ಕನ್ನಡಕವನ್ನೋ ಡಾಕ್ಟರನ್ನೋ ಬೈಯಬಹುದಿತ್ತು. ಇಷ್ಟು ವರ್ಷ ಅನ್ನ ಕೊಟ್ಟ ಕೈಯನ್ನು ಏನೆಂದು ಬೈಯಲಿ? ಹೇಳಿಕೊಳ್ಳಲು ನನ್ನಲ್ಲಿ ಉಳಿದಿದ್ದುದು ಅದೊಂದೇ.

ಸೋಮವಾರ ಬೆಳಿಗ್ಗೆ ಕಂಟ್ರಾಕ್ಟರು ಫೋನ್ ಮಾಡಿದ. "ಏನ್ ಮೇಸ್ತ್ರಿ, ಬರ್ತೀರಾ?"

"ಇಲ್ಲ ಕಣಪ್ಪ. ಬೇರೆಯವರನ್ನ ನೋಡ್ಕೋ."

"ಕಣ್ಣಾ?"

"ಕಣ್ಣಲ್ಲ," ಎಂದೆ. ಅವನು ಆಯಿತು ಎಂದು ಫೋನ್ ಇಟ್ಟುಬಿಟ್ಟ.

ಆ ಎರಡು ಬಾಗಿಲು ಈಗಲೂ ಪ್ಲಾಸ್ಟಿಕ್ ಹಾಳೆಯ ಸಮೇತ ನಡುಮನೆಯ ಗೋಡೆಗೆ ಒರಗಿ ನಿಂತಿವೆ. ಬೀರುವಿಗೆ ಹೆಂಡತಿ ಹಳೆಯ ಸೀರೆಯ ಪರದೆ ಕಟ್ಟಿದ್ದಾಳೆ. ಅದನ್ನು ಕತ್ತರಿಸುವ ದಿನ ನಾನು ಪಕ್ಕದಲ್ಲೇ ಕೂತಿದ್ದೆ, ಟೇಪು ಕಿಟಕಿಯ ಮೇಲಿತ್ತು. ಅವಳು ಬೀರುವಿನ ಎತ್ತರವನ್ನು ಮೊಳ ಹಾಕಿ ಎಣಿಸಿಕೊಂಡಳು, ಸೀರೆಗೂ ಅಷ್ಟೇ ಮೊಳ ಹಾಕಿದಳು, ಕತ್ತರಿಸಿದಳು. ನನ್ನನ್ನು ಕೇಳಲಿಲ್ಲ. ಪರದೆ ನೆಲಕ್ಕೆ ಸರಿಯಾಗಿ ಬಂತು.